ಮಲಗಿ ನೋಡುವ ಗುಮ್ಮಟ

೧

ಗುಮ್ಮಟ ಕಟ್ಟುವವರು ಕೆಳಗಿನಿಂದ ಶುರು ಮಾಡುತ್ತಾರೆ. ಅದರಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ. ಗುಮ್ಮಟದ ಕಥೆ ಕಟ್ಟುವವಳು ಎಲ್ಲಿಂದ ಶುರು ಮಾಡಬೇಕು? ಹೇಳಿ ನೋಡೋಣ. ಸುಮ್ಮನೆ ಕಾಲು ಚಾಚಿ ಕೂತು ಓದುತ್ತಿದ್ದೀರಲ್ಲ, ಇಷ್ಟಾದರೂ ಸಹಾಯ ಮಾಡಿ.

ಗಂಡನ ಸಾವಿನಿಂದ ಶುರು ಮಾಡಬಹುದು. ಓದುವವರು ಮೊದಲ ಸಾಲಿಗೇ ಕಣ್ಣು ಒರೆಸಿಕೊಳ್ಳುತ್ತಾರೆ. ಆದರೆ ಸೆರಗೆಲ್ಲ ಮೊದಲ ಸಾಲಿಗೇ ನೆನೆದುಹೋದರೆ ಆಮೇಲೆ ಯಾವುದರಿಂದ ಒರೆಸಿಕೊಳ್ಳುತ್ತೀರಿ? ಬೇಡ.

ಸೂರ್ಯೋದಯದಿಂದ ಶುರು ಮಾಡಿ ನೋಡಿದೆ. ‘ಕೋಗಿಲು ಗ್ರಾಮದ ಪೂರ್ವ ದಿಕ್ಕಿನಲ್ಲಿ ನೇಸರನು ಬಂಗಾರದ ತಟ್ಟೆಯಂತೆ ಉದಯಿಸುತ್ತಿದ್ದನು.’ (ಹೊಡೆದು ಹಾಕಿದೆ. ಬಂಗಾರದ ತಟ್ಟೆ ಕಂಡವರು ಕೋಗಿಲಿನಲ್ಲಿ ಯಾರಿದ್ದಾರೆ?)

೧, ಮತ್ತೊಮ್ಮೆ

ಕೋಗಿಲಿನ ಗಂಗರತ್ನಮ್ಮನ ಗಂಡ ಮುನಿಕೃಷ್ಣಪ್ಪ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. (ನೋಡಿ, ಸಾವಿನಿಂದಲೇ ಶುರುವಾಯಿತು. ನನ್ನ ಕೈಯಲ್ಲಿ ಏನಿದೆ?) ಮನೆತನದ ರೂಢಿಯಂತೆ ಅವನನ್ನು ಸ್ವಂತ ದ್ರಾಕ್ಷಿ ತೋಟದಲ್ಲೇ, ಬಾವಿಯ ಪಕ್ಕ ಮಣ್ಣು ಮಾಡಿದ್ದರು.

ಅವನು ಎಂಥ ಆಳು ಅಂತೀರಿ! ಹುಣ್ಣಿಮೆಯ ದಿನ ಬಾಗಿಲಲ್ಲಿ ನಿಂತರೆ ಕೋಗಿಲಿಗೆಲ್ಲ ಅಮಾವಾಸ್ಯೆ. ಸೀನಿದರೆ ಹೆಬ್ಬಾಳದ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಯಲಹಂಕದ ಕೆರೆಗೆ ವಲಸೆ ಬರುತ್ತಿದ್ದವು. ಅಂಥವನು ಹೆದರುತ್ತಿದ್ದದ್ದು ಮಳೆಗೆ ಮಾತ್ರ. ಒಂದು ಹನಿ ಬಿದ್ದರೆ ಸಾಕು, ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮನೆ ಕಡೆ ಓಡುತ್ತಿದ್ದ. ಈಗ ಅವನ ಮೇಲೆ ಒಂದು ಮಳೆಗಾಲ ಪೂರ್ತಿ ಸುರಿದಿತ್ತು. ಮಣ್ಣಿನ ಗುಡ್ಡೆ ಕರಗಿ ಅರ್ಧವಾಗಿತ್ತು. ಉಳಿದ ಅರ್ಧದ ಮೇಲೆ ಮೇಕೆ ಹತ್ತಿ ನಿಂತು ದ್ರಾಕ್ಷಿ ಎಲೆ ಮೇಯುತ್ತಿತ್ತು.

ಗಂಗರತ್ನಮ್ಮನಿಗೆ ಗಂಡನ ಮೇಲೊಂದು ಸೂರು ಬೇಕಾಗಿತ್ತು. ಯಾರಿಗೂ ಹೇಳದ ಇನ್ನೊಂದು ಆಸೆಯೂ ಇತ್ತು. ಆ ಸೂರಿನ ಕೆಳಗೆ ಇಬ್ಬರಿಗೆ ಜಾಗವಿರಬೇಕು. ಬದುಕಿದ್ದಾಗ ಚಾಪೆಯಲ್ಲಿ ಅವಳಿಗೆ ಉಳಿಯುತ್ತಿದ್ದದ್ದು ಅಂಚು ಮಾತ್ರ. ಹೋದ ಮೇಲಾದರೂ ಮೈಚಾಚಿ ಅವನ ಪಕ್ಕದಲ್ಲಿ ಮಲಗಬೇಕು ಅನ್ನುವುದು ಅವಳ ಲೆಕ್ಕ.

(ಯಾರಿಗೂ ಹೇಳದ್ದು ನನಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಕಥೆ ಬರೆಯುವವಳಿಗೆ ಅಷ್ಟೂ ಗೊತ್ತಿಲ್ಲದಿದ್ದರೆ ಹುಳಿ ಕುದಿಸಿಕೊಂಡು ಅಡುಗೆಮನೆಯಲ್ಲಿ ಇರುವುದೇ ವಾಸಿ.)

೨

ಸೂರು ಹೇಗಿರಬೇಕು? ಗಂಗರತ್ನಮ್ಮನ ಜಗಲಿಯ ಮೇಲೆ ಇದಕ್ಕೆ ಎರಡು ಪಕ್ಷಗಳಾದವು.

ಮೊದಲ ಪಕ್ಷ ಮೈದುನ ಪಿಳ್ಳಪ್ಪನದು. ಅವನು ಮೂಗು ಸೋರಿಸಿಕೊಂಡು ತಿರುಗುತ್ತಿದ್ದಾಗ ಮದುವೆಯಾಗಿ ಬಂದವಳು ಗಂಗರತ್ನಮ್ಮ. ಆ ಮೂಗನ್ನು ಎಷ್ಟೋ ಸಲ ಒರೆಸಿದವಳು. ಈಗ ಅದೇ ಮೂಗಿನ ಕೆಳಗೆ ದಪ್ಪ ಮೀಸೆ ಬಂದಿತ್ತು. ದ್ರಾಕ್ಷಿ ಬೆಳೆಗಾರರ ಯಾವುದೋ ಟೀ ಪಾರ್ಟಿಗೆಂದು ಅವನು ತುಮಕೂರಿನ ಆಚೆ ಒಂದು ಕ್ಯಾಸಲ್ ಹೋಟೆಲಿಗೆ ಹೋಗಿಬಂದಿದ್ದ. ಹಿಂದೆ ಯಾವನೋ ಇಂಗ್ಲಿಷ್ ದೊರೆ ಕೋಟೆಯ ಹಾಗೆ ಕಟ್ಟಿಸಿಕೊಂಡ ಮನೆ, ಈಗ ಹೋಟೆಲು. ಅಂದಿನಿಂದ ಅವನ ಬಾಯಲ್ಲಿ ಅದೇ ಮಾತು.

ಎರಡನೆಯ ಪಕ್ಷ ಯಲಹಂಕದ ಖುರ್ಷೀದ್‌ಳದು. ಗಂಗರತ್ನಮ್ಮನ ಬಹಳ ವರ್ಷದ ಗೆಳತಿ. ಅವಳ ತವರು ಸಿರಾ. ಗಂಡ ಖಾದರ್ ಬಾಷಾ ಗಾರೆ ಕೆಲಸದ ಮೇಸ್ತ್ರಿ. ಕಟ್ಟಬೇಕಾದವನು ಅವನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

“ಕಟ್ಟೋದಾದ್ರೆ ಕ್ಯಾಸಲ್ ತರ ಕಟ್ಟವಾ ಅತ್ತಿಗೆ. ದುಂಡಕ್ಕೊಂದು ಗೋಪುರ, ಮ್ಯಾಲೆ ಹಲ್ಲು ಹಲ್ಲು. ನೋಡ್ದೋರು ಯಾವ್ ರಾಜನ್ದು ಅನ್ಬೇಕು.”

“ಅಕ್ಕಾ, ನಮ್ಮ ಸಿರಾದಲ್ಲಿ ಗುಮ್ಮಟ ಐತೆ. ನೋಡ್ಬಿಟ್ರೆ ಊಟ ಬೇಡ, ನೀರು ಬೇಡ. ಹಂಗೈತೆ.”

“ಗುಮ್ಮಟ ಕಟ್ಟಿದ್ರೆ ನಮ್ಮಣ್ಣನ ಸಮಾಧಿ ಸಾಬ್ರ ಗೋರಿ ತರ ಕಾಣ್ತದೆ,” ಅಂದ ಪಿಳ್ಳಪ್ಪ. ಅಂದಮೇಲೆ ಎದುರಿಗೆ ಕೂತವರು ಯಾರು ಅನ್ನುವುದು ಹೊಳೆಯಿತು. “ಬೇಜಾರ್ ಮಾಡ್ಕೋಬೇಡ ಬಾಷಾ.”

“ನಂಗ್ಯಾಕೆ ಬೇಜಾರು ಗೌಡ್ರೆ?” ಅಂದ ಬಾಷಾ. “ನಮ್ಮಪ್ಪನ ಗೋರಿ ಮೇಲೆ ಇರೋದು ಬರೀ ಹುಲ್ಲು. ಗುಮ್ಮಟ ಇದ್ರೆ ಸಾಬ್ರು ಅಲ್ಲ, ನವಾಬ್ರು.”

ಗಂಗರತ್ನಮ್ಮ ನಕ್ಕಳು. ಎರಡನ್ನೂ ಕಣ್ಣಾರೆ ನೋಡದೆ ಒಂದು ಇಟ್ಟಿಗೆಯೂ ಇಡಬಾರದು ಅಂದಳು. ಒಂದೇ ದಾರಿ, ಒಂದೇ ದಿನ. ಮೊದಲು ಸಿರಾ, ವಾಪಸು ಬರುವಾಗ ಹೋಟೆಲು.

(ಇಲ್ಲೊಂದು ಮಾತು. ಸಿರಾದ ಮಸೀದಿ ನಿಜ, ಮಲಿಕ್ ರಿಹಾನ್ ದರ್ಗಾ ನಿಜ, ಬಸ್ಸು ಹತ್ತಿ ಹೋಗಿ ನೋಡಿ. ಹೋಟೆಲನ್ನು ಮಾತ್ರ ಹುಡುಕಬೇಡಿ. ತುಮಕೂರು ದಾಟಿದ ಮೇಲೆ ಒಂದು ಬೋಳು ಗುಡ್ಡ ಸುಮ್ಮನೆ ಬಿದ್ದಿತ್ತು. ಅದರ ಮೇಲೆ ನಾನೇ ಇಟ್ಟೆ. ದೊರೆ ಕಟ್ಟಿಸಲು ವರ್ಷಗಟ್ಟಲೆ ತೆಗೆದುಕೊಂಡಿರಬಹುದು. ನನಗೆ ಒಂದು ಸಾಲು ಸಾಕಾಯಿತು.)

೩

‘ಪ್ರಯಾಣವು ಅತ್ಯಂತ ಸುಖಕರವಾಗಿತ್ತು.’ (ಹೊಡೆದು ಹಾಕಿದೆ. ದ್ರಾಕ್ಷಿ ಸಾಗಿಸುವ ವ್ಯಾನಿನಲ್ಲಿ ಕೂತವರು ಯಾರೂ ಈ ಸಾಲು ಬರೆಯಲಾರರು.)

ವ್ಯಾನು ಪಿಳ್ಳಪ್ಪನದು, ಓಡಿಸುವವನೂ ಅವನೇ. ವ್ಯಾನಿನ ಹಲಗೆಗಳು ಎಷ್ಟು ಬೆಳೆಯ ರಸ ಕುಡಿದಿದ್ದವೋ, ಯಶವಂತಪುರ ಬರುವುದರೊಳಗೆ ಬಾಷಾನ ಬಿಳಿ ಪೈಜಾಮ ಹಿಂದುಗಡೆಯಿಂದ ನೇರಳೆ ಬಣ್ಣಕ್ಕೆ ತಿರುಗಿತ್ತು. ಮಾಕಳಿಯಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದಾಗ ಊರಿನ ಜೇನುನೊಣಗಳೆಲ್ಲ ಇಡ್ಲಿಯನ್ನು ಬಿಟ್ಟು ಅವನ ಹಿಂದೆ ಬಿದ್ದವು. ನೆಲಮಂಗಲದವರೆಗೂ ಅಟ್ಟಿಸಿಕೊಂಡು ಬಂದವು. (ಅರ್ಧ ಮೈಲಿ ಅಂತ ಬಾಷಾ ಹೇಳುತ್ತಾನೆ. ಕಚ್ಚಿಸಿಕೊಂಡವನಿಗೆ ದೂರದ ಲೆಕ್ಕ ಸಿಗುವುದಿಲ್ಲ.)

ಪಿಳ್ಳಪ್ಪ ಹೋಟೆಲಿಗೆ ಒಪ್ಪುವ ಹಾಗೆ ಲೇಸು ಕಟ್ಟುವ ಬೂಟು ಹಾಕಿಕೊಂಡು ಬಂದಿದ್ದ. ಸಿರಾ ಮುಟ್ಟಿ, ಜುಮ್ಮಾ ಮಸೀದಿಯ ಬಾಗಿಲಲ್ಲಿ ಅದನ್ನು ಬಿಚ್ಚಲು ಕೂತ. ಬೂಟು ಅವನ ಕಾಲನ್ನು ಬಿಡಲೊಲ್ಲದು. ಅಷ್ಟರಲ್ಲಿ ಉಳಿದವರೆಲ್ಲ ಒಳಗಿದ್ದರು.

ಖುರ್ಷೀದ್‌ಳ ಸೋದರಮಾವ ಜಿಯಾವುಲ್ಲಾ, ಗಡ್ಡವೆಲ್ಲ ಹತ್ತಿಯಾದ ಹಿರಿಯ, ಅವರಿಗೆ ದಾರಿ ತೋರಿಸಿದ. ಮೊದಲು ನೀರಿನ ಹೌಜು. ಕೈ ತೊಳೆಯಬೇಕು, ಮುಖ ತೊಳೆಯಬೇಕು, ಕಾಲು ತೊಳೆಯಬೇಕು. ಖುರ್ಷೀದ್ ಮಾಡಿದ ಹಾಗೆಯೇ ಗಂಗರತ್ನಮ್ಮನೂ ಮಾಡಿದಳು. ತಲೆ ಮೇಲೆ ಸೆರಗು ಹೊದ್ದು ಅಂಗಳದಲ್ಲಿ ನಿಂತಳು.

ಕಲ್ಲು. ಎಲ್ಲಿ ನೋಡಿದರೂ ಕಲ್ಲು. ಆದರೆ ಕಲ್ಲು ಹೀಗೂ ಬಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳು ಕಂಡ ಕಲ್ಲುಗಳೆಲ್ಲ ಹಟಮಾರಿಗಳು: ರಾಗಿ ಬೀಸುವುದು, ಬಟ್ಟೆ ಒಗೆಯುವುದು, ಹೊಲದ ಬದುವಿನಲ್ಲಿ ಜಗಳ ತರುವುದು. ಇಲ್ಲಿ ಕಮಾನಿನ ಪಕ್ಕ ಕಮಾನು, ತೊಟ್ಟಿಲು ಕಟ್ಟಿದ ಸೀರೆಯನ್ನು ತಲೆಕೆಳಗು ಮಾಡಿದ ಹಾಗೆ ಬಾಗಿ ನಿಂತಿದ್ದವು. ಮಿನಾರುಗಳ ನೆತ್ತಿಯಲ್ಲಿ ಗಿಳಿಗಳು. ಬಿಸಿಲು ಅಂಗಳದವರೆಗೂ ಬಂದು, ಕಮಾನಿನ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋದ ಹಾಗೆ ತಣ್ಣಗಾಗುತ್ತಿತ್ತು.

“ಏನ್ ಖುರ್ಷೀದು ಇದು,” ಅಂದಳು ಗಂಗರತ್ನಮ್ಮ ಪಿಸುಮಾತಿನಲ್ಲಿ. “ಜಗಳಗಂಟಿ ಬಂದು ನಿಂತ್ರೂ ಇಲ್ಲಿ ದನಿ ಏಳಲ್ಲ.”

“ನಿಂದೇ ಎದ್ದಿಲ್ಲ ನೋಡು,” ಅಂದಳು ಖುರ್ಷೀದ್.

ಪಿಳ್ಳಪ್ಪ ಬೂಟು ಬಿಚ್ಚಿ ಒಳಗೆ ಬಂದಾಗ ಅವರು ಹೊರಗೆ ಹೊರಟಿದ್ದರು. ಅವನು ಮತ್ತೆ ಲೇಸು ಕಟ್ಟಲು ಕೂತ.

೫

(ನಾಲ್ಕು ಎಲ್ಲಿ ಅಂತ ಕೇಳುತ್ತೀರಿ. ನಾಲ್ಕರಲ್ಲಿ ಪಿಳ್ಳಪ್ಪನ ಬೂಟಿನ ಬಗ್ಗೆ ಇನ್ನೂ ಎರಡು ಪುಟ ಇತ್ತು. ಅವನು ಬಂದು ಕೈಮುಗಿದ. ತೆಗೆದುಬಿಟ್ಟೆ.)

ಅಲ್ಲಿಂದ ಎಲ್ಲರೂ ಮಲಿಕ್ ರಿಹಾನ್ ದರ್ಗಾಕ್ಕೆ ಬಂದರು. ಅದು ನೆಲದಿಂದ ಎದ್ದ ಕಟ್ಟಡದ ಹಾಗೆ ಇರಲಿಲ್ಲ. ಆಕಾಶದಿಂದ ಯಾರೋ ಮೆಲ್ಲಗೆ ಇಳಿಸಿ, ಮಲಗಿದವರಿಗೆ ಎಚ್ಚರವಾಗದ ಹಾಗೆ ಇಟ್ಟುಹೋದಂತಿತ್ತು. ಗುಮ್ಮಟದ ಬುಡಕ್ಕೆ ಸುತ್ತಲೂ ಕಮಲದ ದಳ. ಗಾರೆಯಲ್ಲಿ ಮಾಡಿದ ದಳ. ಮುಟ್ಟಿದರೆ ಬೆರಳಿಗೆ ತೇವ ಅಂಟುತ್ತದೇನೋ ಅನ್ನಿಸುವ ಹಾಗೆ. ಎತ್ತರ ಎಷ್ಟು ಅಂದರೆ, ತುದಿಯಲ್ಲಿ ಕೂತ ಪಾರಿವಾಳಕ್ಕೆ ಅಲ್ಲಿಂದಲೇ ಕೋಗಿಲು ಕಾಣುತ್ತಿತ್ತು. (ಪಾರಿವಾಳವನ್ನು ವಿಚಾರಿಸಿ ಬರೆದದ್ದಲ್ಲ.)

“ಮುನ್ನೂರು ವರ್ಷದ ಮೇಲಾಯ್ತಮ್ಮ ಇದು ನಿಂತು,” ಅಂದ ಜಿಯಾವುಲ್ಲಾ. ತಾನೇ ಪಕ್ಕದಲ್ಲಿ ನಿಂತು ಕಟ್ಟಿಸಿದವನ ಹಾಗೆ ಹೆಮ್ಮೆ.

ಪಿಳ್ಳಪ್ಪ ಕೂಡ ತಲೆ ಎತ್ತಿ ನಿಂತಿದ್ದ. ಪೇಟ ಹಿಂದಕ್ಕೆ ಬಿತ್ತು; ಎತ್ತಿಕೊಳ್ಳಲಿಲ್ಲ. “ಚೆನ್ನಾಗೈತೆ,” ಅಂದ. ಆ ಒಂದು ಮಾತಿಗೆ ಅವನಿಗೆ ಎಷ್ಟು ಕಷ್ಟವಾಯಿತು ಅಂತೀರಿ, ಹೆರಿಗೆ ನೋವೇ ಸಲೀಸು.

ಖಾದರ್ ಬಾಷಾ ಮಾತ್ರ ಬೆವರುತ್ತಿದ್ದ.

“ಏನ್ರೀ, ಜಹೀರಾನ ಅಬ್ಬಾ,” ಅಂದಳು ಖುರ್ಷೀದ್, ಗಂಡನನ್ನು ಮಗಳ ಹೆಸರಿನಿಂದ ಕರೆದು, “ಮೈಯೆಲ್ಲ ಯಾಕೆ ನೀರಾಯ್ತು?”

“ಬಿಸಿಲು.”

“ನೆರಳಲ್ಲಿ ನಿಂತಿದೀರ.”

ಬಾಷಾ ಗಂಗರತ್ನಮ್ಮನ ಕಡೆ ತಿರುಗಿದ. “ಅಕ್ಕಾ, ಒಂದ್ ಮಾತು. ನಾನು ತಾರಸಿ ಹಾಕಿದೀನಿ, ಕಾಂಪೌಂಡ್ ಕಟ್ಟಿದೀನಿ, ಬಾವಿ ಕಟ್ಟಿದೀನಿ. ಗುಮ್ಮಟ ಕಟ್ಟಿಲ್ಲ.”

“ಮತ್ತೆ ಅವತ್ತು ಜಗಲಿ ಮ್ಯಾಲೆ ಯಾಕೆ ಯೋಳ್ಲಿಲ್ಲ?”

“ಬಾಯ್ತುಂಬ ಎಲೆ ಅಡಿಕೆ ಇತ್ತು.” ಅವನು ಮತ್ತೊಮ್ಮೆ ಮೇಲೆ ನೋಡಿದ. ಕಣ್ಣು ಗುಮ್ಮಟದ ಮೇಲೆ ಸುತ್ತು ಹೊಡೆಯಿತು. “ಆದ್ರೆ ನೋಡಿ, ಬಾವೀನ ತಲೆಕೆಳಗು ಮಾಡಿದ್ರೆ ಗುಮ್ಮಟ ತಾನೆ? ಸುತ್ತು ಸುತ್ತು ಇಟ್ಟಿಗೆ. ಅಲ್ಲಿ ಕೆಳಗಿಳೀತೀವಿ, ಇಲ್ಲಿ ಮೇಲೆ ಹತ್ತಿ ಒಳಗೊಳಗೆ ಸರೀತೀವಿ.”

“ಬಾವಿಗೆ ಬಿದ್ರೆ ಕೆಳಗೆ ನೀರಿರುತ್ತೆ,” ಅಂದಳು ಖುರ್ಷೀದ್. “ಗುಮ್ಮಟ ಬಿದ್ರೆ ಕೆಳಗೆ ಅಕ್ಕನ ಯಜಮಾನ್ರು ಇರ್ತಾರೆ.”

“ಅವ್ರಿಗೇನೂ ಆಗಲ್ಲ ಬಿಡು,” ಅಂದಳು ಗಂಗರತ್ನಮ್ಮ. “ಪೆಟ್ಟಾಗದು ಗುಮ್ಮಟಕ್ಕೇಯ.”

೬

ದರ್ಗಾ ದೊಡ್ಡವರಿಗೆ ಕಟ್ಟಿದ್ದು, ನಮಗೆ ಚಿಕ್ಕದು ಬೇಕು ಅಂದಳು ಗಂಗರತ್ನಮ್ಮ. ಜಿಯಾವುಲ್ಲಾ ಅವರನ್ನು ಊರ ಹೊರಗೆ, ಕಡಲೆಕಾಯಿ ಹೊಲದ ನಡುವೆ ನಿಂತಿದ್ದ ಒಂದು ಪುಟ್ಟ ಗುಮ್ಮಟಕ್ಕೆ ಕರೆದುಕೊಂಡು ಹೋದ. (ಇದು ನಿಜವೋ ನನ್ನದೋ? ಹೇಳುವುದಿಲ್ಲ.) ಅದಕ್ಕೆ ಹೆಸರಿರಲಿಲ್ಲ. ಗಾರೆ ಅಲ್ಲಲ್ಲಿ ಉದುರಿತ್ತು. ಒಳಗೆ ಎರಡು ಗೋರಿ, ಒಂದು ದೊಡ್ಡದು, ಇನ್ನೊಂದು ಸ್ವಲ್ಪ ಚಿಕ್ಕದು. ನಡುವೆ ಒಂದು ಗೇಣು ಜಾಗ.

“ಯಾರೋ ಗಂಡ ಹೆಂಡತಿ ಅಂತಾರೆ,” ಅಂದ ಜಿಯಾವುಲ್ಲಾ. “ನಮ್ಮಜ್ಜಂಗೂ ಹೆಸರು ಗೊತ್ತಿರ್ಲಿಲ್ಲ.”

ಗಂಗರತ್ನಮ್ಮ ಆ ಗೇಣು ಜಾಗವನ್ನು ನೋಡುತ್ತಾ ನಿಂತಳು. ಆಮೇಲೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಸೆರಗು ಸರಿಮಾಡಿಕೊಂಡು, ಚಿಕ್ಕ ಗೋರಿಯ ಪಕ್ಕದ ನೆಲದ ಮೇಲೆ ಉದ್ದಕ್ಕೆ ಮಲಗಿದಳು.

ಮಲಗಿದ ಮೇಲೆ ಗೊತ್ತಾಯಿತು, ಗುಮ್ಮಟವನ್ನು ನಿಂತು ನೋಡಿದವರು ಅರ್ಧ ಮಾತ್ರ ನೋಡಿದ್ದಾರೆ ಅಂತ. ಒಳಗಡೆ ಇಟ್ಟಿಗೆಯ ಸುತ್ತುಗಳು ಚಿಕ್ಕದಾಗುತ್ತಾ ಚಿಕ್ಕದಾಗುತ್ತಾ ಕಣ್ಣನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದವು. ಎಲ್ಲೂ ಮೂಲೆಯಿಲ್ಲ, ತೊಲೆಯಿಲ್ಲ, ಕಣ್ಣಿಗೆ ಚುಚ್ಚುವುದು ಏನೂ ಇಲ್ಲ. ಸಂಜೆ ಹೊತ್ತು ಕೋಳಿಮರಿಗಳ ಮೇಲೆ ಮಂಕರಿ ಬೋರಲು ಹಾಕುತ್ತಾರಲ್ಲ, ಹದ್ದು ಮುಟ್ಟಬಾರದು, ಬೆಕ್ಕು ಮುಟ್ಟಬಾರದು ಅಂತ, ಹಾಗೆ ಯಾರೋ ಮುಚ್ಚಿದ್ದರು.

“ಬಾಷಾ, ಅಳತೆ ತಗೋ,” ಅಂದಳು ಮಲಗಿದಲ್ಲಿಂದಲೇ.

“ತೋಬಾ ತೋಬಾ! ಬದುಕಿರೋರ್ನ ಗೋರಿಗೆ ಅಳೀಬಾರ್ದು ಅಕ್ಕ. ಅಳತೆ ದಾರ ಸುಟ್ಟೋಗ್ತದೆ.”

“ಒಬ್ರುನ್ನ ಅಳೀಬಾರ್ದು, ಇಬ್ರುನ್ನ ಅಳೀಬೋದು,” ಅಂದಳು ಖುರ್ಷೀದ್. ಈ ಶಾಸ್ತ್ರ ಅವಳು ಅಲ್ಲೇ ನಿಂತು ಹುಟ್ಟಿಸಿದ್ದು. ಅಂದವಳೇ ಗೆಳತಿಯ ಪಕ್ಕ ದೊಪ್ಪನೆ ಉರುಳಿಕೊಂಡಳು. “ಅಳೀರಿ ಈಗ. ನಾವಿಬ್ರೂ ಸೇರಿದ್ರೆ ಅಕ್ಕನ ಯಜಮಾನ್ರ ಅಗಲ ಸರಿಹೋಗ್ತದೆ.”

ಇಬ್ಬರೂ ನಗತೊಡಗಿದರು. ಗುಮ್ಮಟ ಆ ನಗುವನ್ನು ಸುತ್ತಿಸಿ ಸುತ್ತಿಸಿ ಮತ್ತೆ ಅವರ ಮೇಲೆಯೇ ಸುರಿಯಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹೆಸರಿಲ್ಲದ ಆ ಗಂಡ ಹೆಂಡತಿಗೂ ನಗು ತಡೆಯಲಾಗಲಿಲ್ಲ ಅಂತ ಬರೆಯಬೇಕು ಅನ್ನಿಸುತ್ತಿದೆ. ಬರೆದೆ.

ಆಗ ಪಿಳ್ಳಪ್ಪ ಬಾಗಿಲಿಗೆ ಬಂದ. ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ.

“ಏನತ್ತಿಗೆ ಇದು! ಏಳ್ ಮ್ಯಾಲೆ!”

“ಜಾಗ ನೋಡ್ತಿದೀನಿ ಕಣಪ್ಪ. ಅಲ್ಲೂ ಇಂಗೇ ಇಬ್ರಿಗೆ ಆಗ್ಬೇಕು. ನಿಮ್ಮಣ್ಣಂಗೊಂದು, ನಂಗೊಂದು.”

ಪಿಳ್ಳಪ್ಪನ ಮುಖ ಕಪ್ಪಿಟ್ಟಿತು. “ಇಬ್ರಿಗೆ ಬ್ಯಾಡ,” ಅಂದ. “ಒಬ್ರಿಗೇ ಕಟ್ಟೋದು. ಕ್ಯಾಸಲ್ ತರ. ಮುಗೀತು ಮಾತು.” ಕೈಯಲ್ಲಿದ್ದ ಬೂಟನ್ನು ಹಾಕಿಕೊಳ್ಳದೆಯೇ ಕುಂಟುತ್ತಾ ವ್ಯಾನಿನ ಕಡೆ ಹೋದ.

೭

ಇಲ್ಲಿಗೆ ನನಗೆ ಒಬ್ಬ ಖಳನಾಯಕ ಸಿಕ್ಕಿದ. ಕಥೆಗೆ ಬೇಕಲ್ಲ! ಅತ್ತಿಗೆಗೆ ಮಣ್ಣಿನಲ್ಲಿ ಕೂಡ ಜಾಗ ಕೊಡದ ಮೈದುನ. ಅವನ ಮೀಸೆಯನ್ನು ಇನ್ನಷ್ಟು ದಪ್ಪ ಮಾಡಿದೆ. ಕಣ್ಣು ಕೆಂಪು ಮಾಡಿದೆ. ಆ ಜಾಗದಲ್ಲಿ ಇನ್ನೊಂದು ಸಾಲು ದ್ರಾಕ್ಷಿ ಹಾಕುವ ದುರಾಸೆ ಅವನಿಗೆ ಅಂತ ಬರೆಯಲು ಹೊರಟೆ.

“ಏನಮ್ಮಿ, ಬರಿಯೋಳೆ,” ಅಂದ ಪಿಳ್ಳಪ್ಪ, ವ್ಯಾನಿನ ಸ್ಟೀರಿಂಗ್ ಹಿಂದೆ ಕೂತುಕೊಂಡೇ. “ನಾನು ಕೋಪ ಮಾಡ್ಕಂಡಿದ್ದು ಬರ್ದೆ. ಯಾಕೆ ಅಂತ ಕೇಳ್ದಾ?”

“ನೀನು ಹೇಳಲಿಲ್ಲ.”

“ಎಲ್ರೆದ್ರುಗೆ ಯೋಳಕ್ಕಾಯ್ತದಾ? ಮೊದ್ಲು ಹೋಟ್ಲಿಗೆ ಕರ್ಕಂಡೋಗು. ಮೀಸೆ ತೆಳ್ಳಗೆ ಮಾಡು.”

ಮೀಸೆ ತೆಳ್ಳಗೆ ಮಾಡಿದ್ದೇನೆ. ದುರಾಸೆಯ ಸಾಲು ಹೊಡೆದಿದ್ದೇನೆ. ನಡೆಯಿರಿ, ಹೋಟೆಲಿಗೆ ಹೋಗೋಣ.

೮

ಗುಡ್ಡದ ಮೇಲೆ ಕ್ಯಾಸಲ್ ಕಂಡಾಗ ಪಿಳ್ಳಪ್ಪ ಹಾರನ್ ಒತ್ತಿದ.

ನಾನೇ ಇಟ್ಟದ್ದು ಅಂತ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಎಷ್ಟು ಚಂದ! ಬೂದು ಕಲ್ಲಿನ ದುಂಡು ಗೋಪುರ, ನೆತ್ತಿಯ ಮೇಲೆ ಹಲ್ಲು ಹಲ್ಲು. ಗೋಡೆಗೆಲ್ಲ ಹಬ್ಬಿದ ಬಳ್ಳಿ. ಮೆಟ್ಟಿಲ ಮುಂದೆ ಕಲ್ಲಿನ ಸಿಂಹ, ಅದರ ಬಾಯಿಂದ ಒಂದು ದುಂಡನೆಯ ತೊಟ್ಟಿಗೆ ಬೀಳುವ ನೀರು.

ಪಿಳ್ಳಪ್ಪ ಮ್ಯಾನೇಜರನ್ನು ಮಾತಾಡಿಸಲು ಮುಂದೆ ಹೋದ. ಗಂಗರತ್ನಮ್ಮ ನೀರಿನ ತೊಟ್ಟಿ ನೋಡಿದಳು. ಬೆಳಿಗ್ಗೆ ಕಲಿತದ್ದು ಇನ್ನೂ ಹಸಿಯಾಗಿತ್ತು: ಇಷ್ಟು ದೊಡ್ಡ ಕಟ್ಟಡ, ಬಾಗಿಲ ಮುಂದೆ ನೀರು. ಮತ್ತೇನು ಕೇಳುವುದಿದ್ದೀತು? ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟಳು. ಕೈ ತೊಳೆದಳು, ಮುಖ ತೊಳೆದಳು, ತೊಟ್ಟಿಯ ಅಂಚಿಗೆ ಕೂತು ಕಾಲು ತೊಳೆದಳು.

“ಅಕ್ಕಾ, ಇದು ಅದಲ್ಲ...” ಅಂದಳು ಖುರ್ಷೀದ್. ಮುಂದೆ ಏನು ಹೇಳಬೇಕೋ ತಿಳಿಯದೆ ತಾನೂ ತೊಳೆದಳು. ಬಾಷಾ ತೊಳೆದ. ಸಿಂಹ ಸುಮ್ಮನಿತ್ತು.

ಮೂವರೂ ತಲೆ ತಗ್ಗಿಸಿ, ಒದ್ದೆ ಕಾಲಲ್ಲಿ, ಕೆಂಪು ಜಮಖಾನದ ಮೇಲೆ ಹೆಜ್ಜೆ ಮೂಡಿಸುತ್ತಾ ಒಳಗೆ ಬಂದರು. ಟೀ ಕುಡಿಯುತ್ತಾ ಕೂತಿದ್ದ ದೊರೆ ದೊರೆಸಾನಿಯರಂಥವರ ಕೈಯ ಕಪ್ಪುಗಳು ಅರ್ಧದಲ್ಲೇ ನಿಂತವು. ಹಜಾರದ ನಡುವೆ ನಿಂತು ಗಂಗರತ್ನಮ್ಮ ಮೇಲೆ ನೋಡಿದಳು. ಅವಳ ಮುಖದಲ್ಲಿದ್ದ ಭಕ್ತಿ ಕಂಡು ಹೋಟೆಲಿನ ಅತಿಥಿಗಳೆಲ್ಲ ಒಬ್ಬೊಬ್ಬರಾಗಿ ಎದ್ದು ಬೂಟು ಬಿಚ್ಚಿಟ್ಟರು.

“ಅಮ್ಮಾ, ಸುಳ್ಳು ಬರೀಬೇಡಿ,” ಅಂದರು ಮ್ಯಾನೇಜರ್ ವೆಂಕಟರಾಮಯ್ಯನವರು, ಕೌಂಟರಿನ ಹಿಂದಿನಿಂದ. “ಒಬ್ಬರೇ ಬಿಚ್ಚಿದ್ದು. ಅವರಿಗೂ ಬೂಟು ಕಚ್ಚುತ್ತಿತ್ತಂತೆ.”

ಆಗಲಿ, ಒಬ್ಬರೇ. ಆದರೆ ವೆಂಕಟರಾಮಯ್ಯನವರು ಬೈಯಲಿಲ್ಲ. ಬಿಳಿ ಟವೆಲು ತರಿಸಿ ತಾವೇ ಕೊಟ್ಟರು. “ಇಷ್ಟು ಮರ್ಯಾದೆ ಕೊಟ್ಟು ಈ ಬಾಗಿಲಲ್ಲಿ ಯಾರೂ ಬಂದಿರಲಿಲ್ಲ ತಾಯಿ,” ಅಂದರು. ಪಿಳ್ಳಪ್ಪ ಮಾತ್ರ ಒಂದು ಕಂಬದ ಹಿಂದೆ ಸೇರಿಕೊಂಡು, ಇವರು ಯಾರೋ ತನಗೆ ಗೊತ್ತೇ ಇಲ್ಲ ಅನ್ನುವ ಹಾಗೆ ಗೋಡೆಯ ಮೇಲಿನ ಜಿಂಕೆಯ ತಲೆಯನ್ನು ನೋಡುತ್ತಿದ್ದ.

ಕಿಟಕಿಗೆಲ್ಲ ಬಣ್ಣದ ಗಾಜು. ಬೆಳಕು ಬಿದ್ದು ಖುರ್ಷೀದ್‌ಳ ಅರ್ಧ ಮುಖ ಕೆಂಪು, ಅರ್ಧ ಹಸಿರು. ಮೆಟ್ಟಿಲುಗಳು ಬಳುಕುತ್ತಾ ಗೋಪುರಕ್ಕೆ ಹತ್ತುತ್ತಿದ್ದವು. ಗಂಗರತ್ನಮ್ಮ ಗೋಡೆಯನ್ನು ಅಂಗೈಯಿಂದ ಸವರಿದಳು. ಮನಸ್ಸು ತುಂಬಿ ಅಂದಳು:

“ಪಿಳ್ಳಪ್ಪ, ನೀನ್ ಯೋಳಿದ್ದು ಸುಳ್ಳಲ್ಲ ಕಣಪ್ಪ. ಇಲ್ಲಿ ಬಂದೋಳ್ಗೆ ಬೆನ್ನು ತಾನಾಗೇ ನೆಟ್ಟಗಾಯ್ತದೆ.”

ಪಿಳ್ಳಪ್ಪ ಕಂಬದಿಂದ ಈಚೆ ಬಂದ.

“ಆದ್ರೆ ಇದು ನಿಂತ್ಕಳೋರಿಗೆ ಕಟ್ಟಿರೋದು. ಅದು ಮಲಗೋರಿಗೆ. ನಿಮ್ಮಣ್ಣ ಮಲಗವ್ರೆ.”

೯

ಪಿಳ್ಳಪ್ಪ ಬೆನ್ನು ತಿರುಗಿಸಿದ. ಗೋಪುರದ ಮೆಟ್ಟಿಲು ಹತ್ತಿ ಹೋದ. ಗಂಗರತ್ನಮ್ಮ ಏದುಸಿರು ಬಿಡುತ್ತಾ ಹಿಂದೆಯೇ ಹತ್ತಿದಳು. ಮೇಲೆ ಗಾಳಿ. ಕೆಳಗೆ ಬಯಲು, ಹುಣಸೆ ಮರಗಳು, ದೂರದಲ್ಲಿ ಕುರಿ ಹಿಂಡು. ಪಿಳ್ಳಪ್ಪ ಗೋಡೆಯ ಎರಡು ಹಲ್ಲುಗಳ ನಡುವೆ ಕೂತಿದ್ದ.

“ನಂಗೆ ಗೋಪ್ರ ಬೇಕಾಗಿರ್ಲಿಲ್ಲ ಅತ್ತಿಗೆ,” ಅಂದ. “ಕೂತ್ಕಳಕ್ಕೆ ಜಾಗ ಬೇಕಾಗಿತ್ತು.”

ಅವಳು ಉಸಿರು ತಿರುಗಿಸಿಕೊಳ್ಳುತ್ತಾ ನಿಂತಳು.

“ಸಾಯಂಕಾಲ ನಾನೂ ಅಣ್ಣನೂ ಬಾವಿಕಟ್ಟೆ ಮ್ಯಾಲೆ ಕೂತ್ಕತಿದ್ವಲ್ಲ. ಮಾತೇನಿಲ್ಲ. ಅವ್ನು ಬೀಡಿ ಸೇದೋನು, ನಾನು ಕೆರೆ ಕಡೆ ನೋಡೋನು. ಈಗ ಒಬ್ನೇ ಕೂತ್ಕಂಡ್ರೆ ಆಳುಗಳು, ಗೌಡ್ರಿಗೆ ತಲೆ ಕೆಟ್ಟೈತೆ ಅಂತಾರೆ. ಇಂಗೊಂದು ಗೋಪ್ರ ಇದ್ರೆ, ಕಾವಲಿಗೆ ಕೂತವ್ನೆ ಅಂತಾರೆ. ಅವ್ನು ಕೆಳಗೆ, ನಾನು ಮ್ಯಾಲೆ.”

“ಅಷ್ಟೇ ತಾನೆ? ನಂಗ್ಯಾಕೆ ಜಾಗ ಇಲ್ಲ ಅಂದೆ?”

ಪಿಳ್ಳಪ್ಪ ಮೀಸೆ ತಿರುವಲು ಹೋದ. (ನಾನು ತೆಳ್ಳಗೆ ಮಾಡಿದ್ದರಿಂದ ಕೈಗೆ ಸಿಗಲಿಲ್ಲ.)

“ನೀನು ಅಲ್ಲಿ ಮಲಗಿದ್ಯಲ್ಲ, ಕಣ್ ಬಿಟ್ಕಂಡು, ಅಲ್ಲಾಡ್ದೆ. ನಾನು ಬಾಗ್ಲಲ್ಲಿ ನೋಡ್ದೆ. ಜಾಗ ಕಟ್ಟಿಟ್ರೆ ನೀನು ಓಗೇ ಬಿಡ್ತೀಯ. ಜಾಗ ಇಲ್ದಿದ್ರೆ ಇರ್ತೀಯ ಅಂತ...” ಅವನು ಬಯಲಿನ ಕಡೆ ತಿರುಗಿದ. “ನೀನೂ ಕೆಳಗೋದ್ರೆ ನನ್ ಯಾರ್ ಬೈತಾರೆ?”

ಹೋಟೆಲಿನ ಟವೆಲು ಇನ್ನೂ ಗಂಗರತ್ನಮ್ಮನ ಕೈಯಲ್ಲಿತ್ತು. ಅದರಲ್ಲೇ ಅವನ ಮೂಗು ಒರೆಸಿದಳು.

“ಮ್ಯಾಲ್ ಕೂತ್ಕಂಡು ನಮ್ಮಿಬ್ರು ತಲೆ ಮ್ಯಾಲೆ ಎಲೆ ಅಡಿಕೆ ಉಗಿಯಲ್ಲ ತಾನೆ?” ಅಂದಳು.

೧೦

ಈಗ ಕೊನೆ. ನಾನು ಮೂರು ತಯಾರಿಸಿದ್ದೇನೆ, ಆರಿಸಿಕೊಳ್ಳಿ.

ಮೊದಲ ಕೊನೆ: ಗುಮ್ಮಟವಾಗುತ್ತದೆ. ದಾರಿಹೋಕರು ಯಾವುದೋ ದರ್ಗಾ ಅಂದುಕೊಂಡು ಹರಕೆಯ ದಾರ ಕಟ್ಟುತ್ತಾರೆ. ಮುನಿಕೃಷ್ಣಪ್ಪ ಸೀನು ವಾಸಿ ಮಾಡುವ ಸಂತನಾಗುತ್ತಾನೆ. ಆರ್.ಟಿ. ನಗರದಿಂದೆಲ್ಲ ಜನ ಬಂದು ಸಾಲು ನಿಲ್ಲುತ್ತಾರೆ. (ಗಂಗರತ್ನಮ್ಮ ಒಪ್ಪಲಿಲ್ಲ. “ಬದುಕಿದ್ದಾಗ ಒಬ್ರಿಗೂ ಒಂದ್ ಲೋಟ ಕಷಾಯ ಕಾಯ್ಸಿ ಕೊಟ್ಟೋರಲ್ಲ!”)

ಎರಡನೆಯ ಕೊನೆ: ಗೋಪುರವಾಗುತ್ತದೆ. ಪೊಲೀಸ್ ಠಾಣೆ ಅಂದುಕೊಂಡು ಕಳ್ಳರು ಕೋಗಿಲನ್ನೇ ಬಿಟ್ಟು ಹೋಗುತ್ತಾರೆ. (ಪಿಳ್ಳಪ್ಪ ಒಪ್ಪಿದ. ಅವನೊಬ್ಬನೇ.)

ಮೂರನೆಯ ಕೊನೆ: ಎರಡೂ. ಒಳಗೆ ಇಬ್ಬರಿಗೆ ಜಾಗವಿರುವ ಗುಮ್ಮಟ, ಹೊರಗೆ ಬೆನ್ನ ಮೇಲೆ ಸುತ್ತಿ ಹತ್ತುವ ಮೆಟ್ಟಿಲು, ಹೆಗಲ ಮೇಲೆ ಒಬ್ಬ ಕೂರುವಷ್ಟು ಕಟ್ಟೆ. ನಕ್ಷೆ ಕೇಳಿದ ಖಾದರ್ ಬಾಷಾ ಅಂದೇ ಬೊಂಬಾಯಿಗೆ ಓಡಿಹೋಗುತ್ತಾನೆ.

“ನಾನ್ಯಾಕ್ರೀ ಓಡ್ಲಿ?” ಅಂತ ಬಾಷಾ ಸಿಟ್ಟಾದ. ಸಿಟ್ಟಿನಲ್ಲೇ ಪಾಯ ತೆಗೆದ. ಬಾವಿಯನ್ನು ಮನಸ್ಸಿನಲ್ಲಿ ತಲೆಕೆಳಗು ಮಾಡಿಕೊಂಡು ಸುತ್ತಿನ ಮೇಲೆ ಸುತ್ತು ಇಟ್ಟಿಗೆ ಇಟ್ಟ. ಕೊನೆಯ ಇಟ್ಟಿಗೆ ಕೂಡಿದ ದಿನ ಖುರ್ಷೀದ್ ಒಳಗೆ ನಿಂತು, “ಬಿದ್ರೆ ನನ್ ಮೇಲೆ ಬೀಳ್ಲಿ,” ಅಂದಳು. ಬೀಳಲಿಲ್ಲ. ಆ ವರ್ಷದ ಮೊದಲ ಮಳೆಗೆ ಒಳಗೆ ಒಂದು ಹನಿಯೂ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಪಿಳ್ಳಪ್ಪ ಚೆನ್ನಾಗಿ ನೆನೆದ. ಕೆಳಗಿನಿಂದ ಗಂಗರತ್ನಮ್ಮ ಅವನನ್ನು ಮನಸಾರೆ ಬೈದಳು.

ಉಳಿದದ್ದು ಒಳಗಿನ ನುಣುಪು ಗಾರೆ ಒಂದೇ. ಅದಾಗಿಬಿಟ್ಟರೆ ಕೆಲಸ ಮುಗಿಯಿತು, ಕಥೆಯೂ ಮುಗಿಯಿತು. ನಾನು ಕೊನೆಯ ಸಾಲು ಬರೆಯಲು ಕೂತೆ. ‘ಕಾಲ ಸರಿಯಿತು. ಒಂದು ದಿನ ಗಂಗರತ್ನಮ್ಮನೂ...’

“ನಿಲ್ಸು,” ಅಂದಳು ಗಂಗರತ್ನಮ್ಮ.

ಅವಳು ಗುಮ್ಮಟದ ಬಾಗಿಲಲ್ಲಿ ಅರೆಯುವ ಕಲ್ಲಿನ ಮುಂದೆ ಕೂತಿದ್ದಳು. ಎದುರಿಗೆ ಖುರ್ಷೀದ್. ನಡುವೆ ಅರೆದ ಸುಣ್ಣದ ರಾಶಿ. ಇಬ್ಬರ ಮೊಣಕೈಯವರೆಗೂ ಬಿಳುಪು.

“ಏನ್ ಬರೀತಿದ್ದೆ?”

“ಕೊನೆ.”

“ನನ್ ಕೊನೇನಾ?”

“ನೀನೇ ತಾನೆ ಜಾಗ ಕೇಳಿದ್ದು?”

“ಜಾಗ ಕೇಳ್ದೆ. ಓಗ್ತೀನಿ ಅಂದ್ನಾ? ನಿನ್ ಬುದ್ಧಿ ನಂಗೊತ್ತಿಲ್ವಾ. ಕಟ್ಟಡ ಮುಗೀತು ಅಂದ್ರೆ, ಕತೆ ಚಂದ ಕಾಣ್ಲಿ ಅಂತ ನನ್ನ ಒಳಕ್ಕೆ ಮಲಗಿಸ್ಬಿಡ್ತೀಯ. ಅದ್ಕೇ ಮುಗ್ಸಲ್ಲ. ಗಾರೆ ಇನ್ನೂ ನುಣ್ಪಾಗಿಲ್ಲ.”

ಖುರ್ಷೀದ್ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ಒಳಗಿನಿಂದ ಖಾದರ್ ಬಾಷಾ ಕರಣೆ ಹಿಡಿದು ಇಣುಕಿದ. “ನೋಡಿ ಅಮ್ಮಾ, ದಿನಾ ಇದೇ. ಬೆಣ್ಣೆ ತರ ಆಗ್ಬೇಕು ಅಂದ್ರು, ಬೆಣ್ಣೆ ತರ ಆಯ್ತು.”

“ಈಗ ತುಪ್ಪದ ತರ ಆಗ್ಬೇಕು,” ಅಂದಳು ಗಂಗರತ್ನಮ್ಮ.

“ತುಪ್ಪ ಗೋಡೆಗೆ ನಿಲ್ಲಲ್ಲ ಅಕ್ಕ!”

“ಅದು ನಿನ್ ಕಷ್ಟ. ನೀನೇ ಮೇಸ್ತ್ರಿ.”

ಮೇಲಿನ ಕಟ್ಟೆಯಿಂದ ಪಿಳ್ಳಪ್ಪ ಕೂಗಿದ. “ನಂಗೇನೂ ಅವ್ಸರ ಇಲ್ಲ ಬಾಷಾ!”

ನಾನು ಪೆನ್ನು ಹಿಡಿದುಕೊಂಡೇ ನಿಂತಿದ್ದೆ. ಓದುವವರು ಕಾಯುತ್ತಿದ್ದಾರೆ, ಅವರಿಗೆ ಏನಂತ ಹೇಳಲಿ ಅಂತ ಕೇಳಿದೆ.

“ಅವ್ರಿಗೂ ಬರಕ್ಕೇಳು. ಒಬ್ಬೊಬ್ರು ಕೈ ಹಾಕಿದ್ರೆ ಬ್ಯಾಗ ನುಣ್ಪಾಯ್ತದೆ,” ಅಂದಳು ಗಂಗರತ್ನಮ್ಮ. ಆಮೇಲೆ ತಾನು ಅಂದದ್ದನ್ನು ತಾನೇ ಯೋಚಿಸಿ, “ಬ್ಯಾಗ ಬ್ಯಾಡ, ನಿಧಾನುಕ್ಕೇ ಬರ್ಲಿ,” ಅಂದಳು. ಪಕ್ಕಕ್ಕೆ ಸರಿದು, ನೆಲವನ್ನು ಸುಣ್ಣದ ಕೈಯಿಂದ ತಟ್ಟಿದಳು. “ನೀನ್ ಬಾ. ಕೂತ್ಕೋ. ಅರಿ.”

ನಾನು ಪೆನ್ನನ್ನು ತಲೆಗೂದಲಿಗೆ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೂತೆ. ಖುರ್ಷೀದ್ ಒಂದು ಹಿಡಿ ಸುಣ್ಣವನ್ನು ಕಲ್ಲಿನ ಮೇಲೆ ನನ್ನ ಕಡೆಗೆ ಸರಿಸಿದಳು. ಬೆರಳಲ್ಲಿ ಮುಟ್ಟಿ ನೋಡಿದೆ. ಹಾಲಿನ ಕೆನೆಗಿಂತ ನುಣುಪು.

“ಹೆಂಗೈತೆ?” ಅಂದಳು ಗಂಗರತ್ನಮ್ಮ.

“ಇನ್ನೂ ತರಿ ತರಿ,” ಅಂದೆ.